ವೀಳ್ಯದೆಲೆ ಬಳ್ಳಿ ಸೊರಗಿದೆಯಾ? ಎಲೆ ಬಿಡಿ, ಮೊದಲು ಕುಂಡ ಎತ್ತಿ ನೋಡಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಒಂದು ಕಟ್ಟು ಎಲೆಗೆ ಹೇಳುವ ರೇಟು ಕೇಳಿದ ಮೇಲೆ, ಮನೆಯಲ್ಲೇ ಒಂದು ಬಳ್ಳಿ ಹಾಕೋಣ ಅಂತ ಅನ್ನಿಸದವರು ಬೆಂಗಳೂರಿನಲ್ಲಿ ಕಡಿಮೆ. ನಾನೂ ಹಾಗೇ ಶುರು ಮಾಡಿದೆ. ಮೊದಲ ಬಳ್ಳಿ ಐದು ತಿಂಗಳಿಗೆ ಹೋಯಿತು. ಎರಡನೆಯದು ಒಂದು ಮಳೆಗಾಲ ದಾಟಲಿಲ್ಲ. ಮೂರನೆಯದು ಈಗ ಎರಡನೇ ಮಹಡಿಯ ಗ್ರಿಲ್ ಹತ್ತಿ ಮೇಲಿನ ಮನೆಯವರ ಬಾಲ್ಕನಿಗೆ ಇಣುಕುತ್ತಿದೆ, ಅವರೂ ದಿನಾ ಎರಡು ಎಲೆ ಕೀಳುತ್ತಾರೆ, ನಾನು ಸುಮ್ನೆ ಇರುತ್ತೇನೆ.

ಎರಡು ಬಳ್ಳಿ ಕೊಂದು ಕಲಿತದ್ದು ಇಷ್ಟು. ತೊಂದರೆ ಕಾಣುವುದು ಎಲೆಯಲ್ಲಿ, ಇರುವುದು ಹೆಚ್ಚಿನ ಸಲ ಕುಂಡದ ಒಳಗೆ. ನಾವು ಮಾತ್ರ ಎಲೆ ನೋಡಿ ಅಂಗಡಿಗೆ ಓಡುತ್ತೇವೆ.

ಕೆಳಗಿನದು ಕುಂಡದಲ್ಲಿ ಬೆಳೆಸುವವರಿಗೆ. ತೋಟದ ಲೆಕ್ಕ ಬೇರೆ. ನಿಮ್ಮ ಗಿಡದಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು, ಆದರೆ ಅದಕ್ಕೂ ಮೊದಲು ಒಂದು ಪೈಸೆ ಖರ್ಚಿಲ್ಲದ ಮೂರು ಕೆಲಸ ಮಾಡಿಬಿಡಿ.

ಒಂದು, ಬೆರಳನ್ನು ಎರಡನೇ ಗೆಣ್ಣಿನವರೆಗೂ ಮಣ್ಣಿಗೆ ಇಳಿಸಿ. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು ಎರಡು ಇಂಚು ಕೆಳಗೆ ಕೆಸರಿನ ಹಾಗಿರುವುದು ಮಾಮೂಲಿ. ಎರಡು, ಕುಂಡವನ್ನು ಎತ್ತಿ ನೋಡಿ. ನೀರು ಹಾಕಿ ಮೂರು ದಿನ ಆದರೂ ಭಾರ ಇಳಿದಿಲ್ಲ ಅಂದರೆ ಬೇರು ನೀರು ಕುಡಿಯುತ್ತಿಲ್ಲ. ಮೂರು, ತಳದ ತೂತು ನೋಡಿ. ತೂತು ಇದೆಯಾ, ಮುಚ್ಚಿಕೊಂಡಿದೆಯಾ, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯಾ? ಚೆಂದದ ಬಿಳಿ ಪಾಟ್‌ಗಳಲ್ಲಿ ಎಷ್ಟೋ ಸಲ ತೂತಿನ ಗುರುತು ಮಾತ್ರ ಇರುತ್ತದೆ, ಕೊರೆದಿರುವುದಿಲ್ಲ. ಅದನ್ನು ನಾವೇ ಕೊರೆಯಬೇಕು.

ಮಣ್ಣು ಒದ್ದೆ ಇದೆ, ಆದರೂ ಬಳ್ಳಿ ಜೋತು ಬಿದ್ದಿದೆ

ಇದು ಎಲ್ಲಕ್ಕಿಂತ ದೊಡ್ಡ ತೊಂದರೆ. ನನ್ನ ಎರಡನೇ ಬಳ್ಳಿ ಹೋದದ್ದು ಹೀಗೇ.

ಅಕ್ಟೋಬರ್. ವಾರವಿಡೀ ಸಂಜೆ ಮಳೆ. ಎಲೆಗಳು ಬಾಡಿದ ಹಾಗೆ ಕೆಳಗೆ ಇಳಿಬಿದ್ದಿದ್ದವು. ಬಾಡಿದೆ ಅಂದರೆ ನೀರು ಸಾಲದು ಅಂತ ತಾನೇ ಅರ್ಥ? ನಾನು ಇನ್ನೊಂದು ಚೊಂಬು ಹಾಕಿದೆ. ಮರುದಿನ ಇನ್ನೂ ಬಾಡಿತು. ಮತ್ತೊಂದು ಚೊಂಬು. ನಾಲ್ಕನೇ ದಿನ ಎಲೆಗಳು ಹಸಿರಾಗೇ ಇದ್ದು ಮುಟ್ಟಿದರೆ ಉದುರುತ್ತಿದ್ದವು. ಆಮೇಲೆ ಕುಂಡವನ್ನು ಮಗುಚಿದೆ. ಮಣ್ಣಿನ ಮುದ್ದೆಯಿಂದ ಚರಂಡಿಯ ವಾಸನೆ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ, ಅದರ ಕಪ್ಪು ಸಿಪ್ಪೆ ಒದ್ದೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು, ಒಳಗಿನ ತೆಳ್ಳನೆ ನಾರು ಮಾತ್ರ ಮಣ್ಣಲ್ಲೇ ಉಳಿಯಿತು. ಆರೋಗ್ಯವಾದ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿ ಇರುತ್ತದೆ, ಎಳೆದರೆ ಗಟ್ಟಿ ಇರುತ್ತದೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಆಗುವುದು ಏನೆಂದರೆ, ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇಲ್ಲದೆ ಬೇರು ಮೊದಲು ಸುಸ್ತಾಗುತ್ತದೆ. ಆಮೇಲೆ ಫೈಟಾಫ್ತೊರಾ ಅನ್ನುವ ಕೊಳೆ ರೋಗದ ಜೀವಿ ಒಳಗೆ ಹೋಗುತ್ತದೆ. ಮಲೆನಾಡಿನಲ್ಲಿ ಕಾಳುಮೆಣಸಿನ ಬಳ್ಳಿಗಳನ್ನು ಒಣಗಿಸುವ ಸೊರಗು ರೋಗ ಇದೇ ಗುಂಪಿನದು, ಅಡಿಕೆಯ ಕೊಳೆ ರೋಗವೂ ಇದರದ್ದೇ ನೆಂಟ. ಮೆಣಸು, ಹಿಪ್ಪಲಿ, ವೀಳ್ಯದೆಲೆ ಮೂರೂ ಒಂದೇ ಕುಟುಂಬ ಅಲ್ವಾ, ಕಾಯಿಲೆಯನ್ನೂ ಹಂಚಿಕೊಂಡಿವೆ. ಕೊಳೆತ ಬೇರಿಗೆ ನೀರು ಎಳೆಯುವ ಶಕ್ತಿ ಇಲ್ಲ, ಹಾಗಾಗಿ ನೀರಿನಲ್ಲಿ ನಿಂತೇ ಗಿಡ ಬಾಯಾರಿ ಸಾಯುತ್ತದೆ.

ಈಗ ಬಳ್ಳಿಯ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರು ಇದ್ದರೆ ಉಳಿಸಬಹುದು. ನೀರು ನಿಲ್ಲಿಸಿ, ತಟ್ಟೆ ತೆಗೆಯಿರಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ, ಮಳೆ ಬೀಳದ ಕಡೆ ಸರಿಸಿ. ಒಂದು ವಾರದಲ್ಲಿ ಸುಧಾರಿಸದಿದ್ದರೆ ಬಿಡಿಸಿ ಕಪ್ಪು ಬೇರನ್ನೆಲ್ಲ ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಕೆಂಪು ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ, ಜೊತೆಗೆ ಎರಡು ಹಿಡಿ ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಟ್ರೈಕೋಡರ್ಮಾ ಪುಡಿ ಸಿಕ್ಕರೆ ಒಂದು ಚಮಚ ಗೊಬ್ಬರದಲ್ಲಿ ಕಲಸಿ ಸೇರಿಸಿ. ಅದು ಒಳ್ಳೆಯ ಶಿಲೀಂಧ್ರ, ಮುಂದೆ ಬರುವ ರೋಗವನ್ನು ತಡೆಯುತ್ತದೆ, ಆದರೆ ಕೊಳೆತು ಹೋದದ್ದನ್ನು ವಾಪಸ್ ತರುವುದಿಲ್ಲ.

ಬುಡವೇ ಕಪ್ಪಾಗಿ ಮೆತ್ತಗಾಗಿದ್ದರೆ ತಾಯಿ ಬಳ್ಳಿಯ ಆಸೆ ಬಿಡಿ, ತುದಿ ಉಳಿಸಿ. ಗಟ್ಟಿಯಾಗಿ ಹಸಿರಾಗಿರುವ ಭಾಗದಿಂದ ನಾಲ್ಕು ಗಿಣ್ಣಿನ ತುಂಡುಗಳನ್ನು ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ಬೇರೆ ಕುಂಡದಲ್ಲಿ ನೆಡಿ. ಮೇಲೆ ಒಂದು ತೆಳು ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿಟ್ಟರೆ ಮೂರು-ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಕತ್ತರಿಯನ್ನು ಮೊದಲೂ ಆಮೇಲೂ ಸ್ಪಿರಿಟ್‌ನಲ್ಲಿ ಒರೆಸಿ. ಹಳೆಯ ಮಣ್ಣನ್ನು ಬೇರೆ ಕುಂಡಗಳಿಗೆ ಹಂಚಬೇಡಿ, ಅಯ್ಯೋ ವೇಸ್ಟ್ ಆಗುತ್ತೆ ಅಂತ ಅನ್ನಿಸಿದರೂ ಹಂಚಬೇಡಿ.

ಬುಡದಲ್ಲಿ ಮಣ್ಣಿನ ಮಟ್ಟಕ್ಕೆ ಬಿಳಿ ಹತ್ತಿಯ ಎಳೆಯಂಥದ್ದು ಕಂಡು, ಅದರ ನಡುವೆ ಸಾಸಿವೆ ಕಾಳಿನ ಹಾಗೆ ಕಂದು ಗುಂಡುಗಳಿದ್ದರೆ ಅದು ಇನ್ನೊಂದು ಶಿಲೀಂಧ್ರ, ಸ್ಕ್ಲೆರೋಷಿಯಂ. ಆ ಗುಂಡುಗಳು ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಅಂಥ ಮಣ್ಣನ್ನು ಕವರಿಗೆ ಕಟ್ಟಿ ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ.

ಕೆಳಗಿನ ಮನೆಯ ಅಜ್ಜಿ ನನ್ನ ಬಳ್ಳಿ ನೋಡಿ, ಯಾರೋ ಮಡಿ ಇಲ್ಲದೆ ಮುಟ್ಟಿದ್ದಾರೆ, ಇಲ್ಲಾಂದ್ರೆ ದೃಷ್ಟಿ ಅಂದಿದ್ದರು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಮೇಲೆ ಈ ತಪ್ಪು ಹೊರಿಸುತ್ತಾರೆ. ತಪ್ಪು ನನ್ನ ತಟ್ಟೆಯದ್ದು. ಆ ತಟ್ಟೆಯ ಇನ್ನೊಂದು ಕಾಟವನ್ನೂ ಹೇಳಿಬಿಡುತ್ತೇನೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆ ಇಡಲು ಅಷ್ಟು ನೀರು ಧಾರಾಳ ಸಾಕು.

ಎಲೆ ಹಳದಿ ಆಗುತ್ತಿದೆ

ಹಳದಿ ಅಂದರೆ ಯಾವ ಎಲೆ ಹಳದಿ? ಅದೇ ಇಲ್ಲಿ ಮುಖ್ಯ.

ಕೆಳಗಿನ ಒಂದೆರಡು ಮುದಿ ಎಲೆ ಹಳದಿಯಾಗಿ ಉದುರಿದರೆ ಅದು ವಯಸ್ಸು. ಬಿಡಿ. ಕೆಳಗಿನ ಎಲೆಗಳು ಸಾಲಾಗಿ ಪೂರ್ತಿ ಹಳದಿಯಾಗುತ್ತಾ ಮೇಲೆ ಬರುತ್ತಿದ್ದರೆ ಸಾರಜನಕ ಸಾಲದು, ಅಂದರೆ ಗೊಬ್ಬರ ಹಾಕಿ ತುಂಬಾ ದಿನ ಆಗಿದೆ. ತಿಂಗಳಿಗೆ ಎರಡು ಹಿಡಿ ಎರೆಗೊಬ್ಬರ ಸಾಕು. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತದೆ. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ ಕರಗಿಸಿ ಬುಡಕ್ಕೆ ಹಾಕಿ, ಹದಿನೈದು ದಿನ ಕಾಯಿರಿ.

ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರು ಗೆರೆಯಂತೆ ಕಾಣುತ್ತಿದೆ ಅಂದರೆ ಕಬ್ಬಿಣದ ಕೊರತೆ. ಬೆಂಗಳೂರಿನ ಬೋರ್‌ವೆಲ್ ಮನೆಗಳಲ್ಲಿ ಇದು ಜಾಸ್ತಿ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದರೆ ಇರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಕಬ್ಬಿಣದ ಮೊಳೆ ಹೂಳುವ ಸಲಹೆ ಕೊಡುವವರಿದ್ದಾರೆ. ಮೊಳೆ ವೇಸ್ಟ್. ನೀರು ಬದಲಿಸಿ.

ಒಂದು ವಿಷಯ. ಡಿಸೆಂಬರ್-ಜನವರಿಯಲ್ಲಿ ರಾತ್ರಿ 15 ಡಿಗ್ರಿಯ ಆಸುಪಾಸು ಇಳಿದಾಗ ಬಳ್ಳಿ ಸುಮ್ಮನಾಗುತ್ತದೆ. ಇದು ಆಗ್ನೇಯ ಏಷ್ಯಾದ ತೇವದ ಕಾಡಿನ ನೆರಳಲ್ಲಿ ಹುಟ್ಟಿದ ಜಾತಿ, ನಮ್ಮ ಚಳಿ ಅದಕ್ಕೆ ಹಿಡಿಸುವುದಿಲ್ಲ. ಕೆಲವು ಎಲೆ ಹಳದಿಯಾಗುತ್ತವೆ, ಚಿಗುರು ಬರುವುದಿಲ್ಲ. ಆಗ ಗೊಬ್ಬರ ಸುರಿಯಬೇಡಿ, ನೀರನ್ನೂ ಅರ್ಧ ಮಾಡಿ. ಶಿವರಾತ್ರಿ ಕಳೆದ ಮೇಲೆ ತಾನೇ ಚಿಗುರುತ್ತದೆ.

ಎಲೆಯ ತುದಿ, ಅಂಚು ಕಂದಾಗಿ ಸುಟ್ಟ ಹಾಗೆ ಒಣಗುತ್ತಿದೆ

ನನ್ನ ಮೊದಲ ಬಳ್ಳಿ ಇದರಲ್ಲೇ ಹೋಯಿತು. ಕಾರಣ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಮೊದಲು ಬಿಸಿಲು ನೋಡಿ. ಸುಟ್ಟ ಗುರುತು ಬಿಸಿಲಿಗೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ ಇದ್ದು, ಎಲೆಯ ನಡುವೆ ಬಿಳಿಚಿಕೊಂಡ ತೇಪೆಯ ಹಾಗಿದ್ದರೆ ಅದು ಬಿಸಿಲಿನದ್ದೇ. ಪಡುವಣ ಬಾಲ್ಕನಿಯಲ್ಲಿ ಮಾರ್ಚ್‌ನಿಂದ ಮೇ ತನಕ ಇದು ಗ್ಯಾರಂಟಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. ನಮ್ಮೂರು ತಂಪು ಅನ್ನುವ ಹಳೇ ನಂಬಿಕೆಯಲ್ಲಿ ಗಿಡ ಇಡಬೇಡಿ. ಬೆಳಗಿನ ಬಿಸಿಲು ಒಂದೆರಡು ಗಂಟೆ ಪರವಾಗಿಲ್ಲ, ಹನ್ನೊಂದರ ಮೇಲೆ ನೆರಳು ಬೇಕು. ಅರ್ಧ ಬೆಳಕು ತಡೆಯುವ ಶೇಡ್‌ನೆಟ್ ಕಟ್ಟಿ, ಅದಿಲ್ಲದಿದ್ದರೆ ಹಳೇ ಕಾಟನ್ ಸೀರೆ ಸಾಕು.

ನೆರಳಲ್ಲೇ ಇದ್ದೂ ತುದಿ ಸುಡುತ್ತಿದ್ದರೆ ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಅದು ಉಪ್ಪು. ಬಕೆಟ್ಟಿನ ಅಂಚಿನಲ್ಲಿ ಕಟ್ಟುತ್ತಲ್ಲ, ಅದೇ ಜಾತಿ. ಇಲ್ಲಿ ಅಪಾರ್ಟ್‌ಮೆಂಟಿನವರು ಸ್ವಲ್ಪ ನಿಧಾನ ಓದಬೇಕು. ಬೋರ್‌ವೆಲ್ ನೀರು ಗಡಸು ಅಂತ ಸಾಫ್ಟ್‌ನರ್ ಹಾಕಿರುತ್ತಾರೆ. ಸಾಫ್ಟ್‌ನರ್ ನೀರಿನಲ್ಲಿರುವ ಸುಣ್ಣದ ಅಂಶ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಕೂದಲು ಉದುರುವುದು ಕಡಿಮೆಯಾಯಿತು ಅಂತ ಎಲ್ಲರೂ ಖುಷಿ, ಆದರೆ ಗಿಡಕ್ಕೆ ನಾವು ದಿನಾ ತೆಳ್ಳಗಿನ ಉಪ್ಪುನೀರು ಹಾಕುತ್ತಿರುತ್ತೇವೆ. ಸೋಡಿಯಂ ಸೇರಿದ ಮಣ್ಣು ಅಂಟಾಗಿ, ಒಣಗಿದರೆ ಹೆಂಟೆ ಕಟ್ಟಿ, ನೀರು ಇಳಿಯದ ಹಾಗೆ ಆಗುತ್ತದೆ. ಟಿಡಿಎಸ್ ಮೀಟರ್ ಹಿಡಿದು ಇದನ್ನು ಕಂಡುಹಿಡಿಯುತ್ತೇನೆ ಅಂತ ಹೋಗಬೇಡಿ. ಸಾಫ್ಟ್‌ನರ್ ಮುಂದೆಯೂ ಹಿಂದೆಯೂ ಮೀಟರ್ ಹೆಚ್ಚು ಕಡಿಮೆ ಒಂದೇ ನಂಬರ್ ತೋರಿಸುತ್ತದೆ, ಯಾಕಂದರೆ ಅದು ಎಷ್ಟು ಲವಣ ಇದೆ ಅಂತ ಹೇಳುತ್ತದೆಯೇ ಹೊರತು ಯಾವ ಲವಣ ಅಂತಲ್ಲ. ಪ್ಲಂಬರನ್ನು ಕೇಳಿ, ಸಾಫ್ಟ್‌ನರಿಗೆ ಹೋಗುವ ಮೊದಲು ಎಲ್ಲಾದರೂ ಒಂದು ನಲ್ಲಿ ಇದೆಯಾ ಅಂತ.

ಆರ್‌ಓ ಮೆಷಿನ್ನಿನ ವೇಸ್ಟ್ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಒಳ್ಳೆಯದೇ ಅನ್ನಿಸುತ್ತದೆ. ಆದರೆ ಅದರಲ್ಲಿ ಲವಣ ಮೂಲ ನೀರಿಗಿಂತ ಜಾಸ್ತಿ. ಬೋರ್‌ವೆಲ್ ನೀರಿನ ಆರ್‌ಓ ಆದರೆ ವೀಳ್ಯದೆಲೆಗೆ ಬೇಡ.

2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ಆಗ ಬಹಳ ಜನ ಎಸ್‌ಟಿಪಿ ನೀರಿಗೆ, ಅಂದರೆ ಅಪಾರ್ಟ್‌ಮೆಂಟಿನ ಕೊಳಚೆಯನ್ನೇ ಶುದ್ಧೀಕರಿಸಿದ ನೀರಿಗೆ ಇಳಿದರು. ಕ್ರೋಟನ್ನಿಗೆ, ಹುಲ್ಲಿಗೆ ಸರಿ. ವೀಳ್ಯದೆಲೆ ನಾವು ಹಸಿಯಾಗಿ ತಿನ್ನುವ ಎಲೆ, ಆ ನೀರು ಇದಕ್ಕೆ ಬೇಡವೇ ಬೇಡ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಉಪ್ಪು ಕಟ್ಟಿದ ಕುಂಡ ಸರಿಮಾಡುವುದು ಸುಲಭ, ಬೇಸರದ ಕೆಲಸ ಅಷ್ಟೆ. ಮೇಲಿನ ಬಿಳಿ ಪದರ ಕೆರೆದು ತೆಗೆಯಿರಿ. ಆಮೇಲೆ ಕುಂಡದ ಅಳತೆಯ ಮೂರರಷ್ಟು ಒಳ್ಳೆಯ ನೀರು ನಿಧಾನಕ್ಕೆ ಹಾಯಿಸಿ, ಕೆಳಗಿನಿಂದ ಪೂರ್ತಿ ಬಸಿದು ಹೋಗಲಿ. 10 ಲೀಟರ್ ಕುಂಡಕ್ಕೆ 30 ಲೀಟರ್. ಜೂನ್‌ನ ಮೊದಲ ಜೋರು ಮಳೆಗೆ ಕುಂಡವನ್ನು ಟೆರೇಸಿನಲ್ಲಿ ಬಿಟ್ಟರೆ ಆಕಾಶವೇ ಈ ಕೆಲಸ ಮಾಡುತ್ತದೆ. ನೀರು ಬಸಿಯಬೇಕು, ಅದೊಂದು ಮರೆಯಬೇಡಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ಹೇಗೆ ಬರುತ್ತದೆ ಅನ್ನುವುದನ್ನು ನೋಡಿ.

ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ

ಮಚ್ಚೆ ಒದ್ದೆಯಾ, ಒಣಗಿದ್ದಾ? ಎಲೆಯನ್ನು ಬೆಳಕಿಗೆ ಹಿಡಿದು ನೋಡಿ.

ಎಣ್ಣೆ ಬಿದ್ದ ಕಾಗದದ ಹಾಗೆ ಒದ್ದೆಯಾಗಿ, ದುಂಡಗೆ, ಎರಡು ದಿನದಲ್ಲಿ ಎಂಟಾಣೆಯಿಂದ ಅಂಗೈ ಅಗಲ ಆದರೆ ಅದು ಮತ್ತೆ ಅದೇ ಕೊಳೆ ರೋಗ. ಮಣ್ಣಿಗೆ ಹತ್ತಿರದ ಎಲೆಯಲ್ಲೇ ಮೊದಲು ಬರುತ್ತದೆ, ಯಾಕಂದರೆ ಮಳೆ ಹನಿ ಮಣ್ಣಿಗೆ ಬಿದ್ದು ಸಿಡಿದು ಎಲೆಗೆ ಹತ್ತುತ್ತದೆ. ಆ ಎಲೆಗಳನ್ನು ಕಿತ್ತು ಕಸಕ್ಕೆ ಹಾಕಿ. ಮಣ್ಣಿನಿಂದ ಒಂದು ಅಡಿಯವರೆಗಿನ ಎಲ್ಲ ಎಲೆ ತೆಗೆದುಬಿಡಿ. ಮಣ್ಣಿನ ಮೇಲೆ ತೆಂಗಿನ ನಾರು ಅಥವಾ ಒಣ ಎಲೆ ಹಾಸಿ. ಬೆಳಿಗ್ಗೆ ಹೊತ್ತು ಬುಡಕ್ಕೆ ಮಾತ್ರ ನೀರು ಹಾಕಿ, ಸಂಜೆ ಎಲೆ ತೊಳೆಯಬೇಡಿ.

ಒಣಗಿದ ಕಂದು ಮಚ್ಚೆ, ಸುತ್ತ ಹಳದಿ ಉಂಗುರ, ನಿಧಾನಕ್ಕೆ ಅಂಚಿನಿಂದ ಒಳಗೆ ಹೋಗುತ್ತದೆ ಅಂದರೆ ಚಿಬ್ಬು ರೋಗ ಇರಬಹುದು. ಉಪಚಾರ ಅದೇ: ಕೀಳಿ, ಗಾಳಿ ಆಡಲು ಬಿಡಿ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ನಿಲ್ಲುತ್ತದೆ.

ಇದಕ್ಕೂ ಬಗ್ಗದಿದ್ದರೆ ತೋಟದವರು ಶೇಕಡಾ 1ರ ಬೋರ್ಡೋ ದ್ರಾವಣ ಬಳಸುತ್ತಾರೆ. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು. ಲೋಹದ ಪಾತ್ರೆ ಬಳಸಬಾರದು. ತಯಾರಾದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಚಾಕುವಿನ ಮೇಲೆ ತಾಮ್ರದ ಕೆಂಪು ಕಟ್ಟಿದರೆ ಸುಣ್ಣ ಇನ್ನೂ ಬೇಕು ಅಂತ ಅರ್ಥ. ಹೇಳಿದೆ ಅಂತ ಮಾಡಲು ಹೋಗಬೇಡಿ. ಮೈಲುತುತ್ತ ವಿಷ, ನೋಡಲು ಕಲ್ಲುಸಕ್ಕರೆಗೆ ನೀಲಿ ಬಣ್ಣ ಹಾಕಿದ ಹಾಗಿರುತ್ತದೆ, ಮಕ್ಕಳಿರುವ ಫ್ಲಾಟಿನಲ್ಲಿ ಅದನ್ನು ಇಟ್ಟುಕೊಳ್ಳುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಕುಂಡದ ಗಿಡಕ್ಕೆ ಅಷ್ಟೆಲ್ಲ ಬೇಕಾ? ತುದಿ ಕತ್ತರಿಸಿ ಹೊಸದು ನೆಡುವುದು ಇದಕ್ಕಿಂತ ಸುಲಭ.

ಬಳ್ಳಿ ಉದ್ದ ಆಗುತ್ತಿದೆ, ಎಲೆ ಮಾತ್ರ ಹುಣಸೆ ಬೀಜದಷ್ಟು

ಹುಣಸೆ ಬೀಜ ಸ್ವಲ್ಪ ಅತಿಯಾಯಿತು, ಆದರೂ ನಿಮಗೆ ಅರ್ಥವಾಗಿರುತ್ತದೆ.

ಗಿಣ್ಣಿನಿಂದ ಗಿಣ್ಣಿಗೆ ಅಂತರ ಜಾಸ್ತಿ, ಕಾಂಡ ಸಣಕಲು ಅಂದರೆ ಬೆಳಕು ಸಾಲದು. ಲೈಟ್ ಹಾಕದೆ ಪೇಪರ್ ಓದುವಷ್ಟು ಬೆಳಕು ಬೇಕು. ಬೆಳಕು ಇದ್ದೂ ಎಲೆ ಚಿಕ್ಕದಾದರೆ ಬಳ್ಳಿ ಎಲ್ಲಿ ಹಬ್ಬಿದೆ ನೋಡಿ. ತೂಗುಕುಂಡದಲ್ಲಿ ಕೆಳಗೆ ಇಳಿಬಿಟ್ಟಿದ್ದೀರಾ? ಕಬ್ಬಿಣದ ಗ್ರಿಲ್‌ಗೆ ದಾರ ಕಟ್ಟಿ ಹತ್ತಿಸಿದ್ದೀರಾ? ಈ ಬಳ್ಳಿ ಗಿಣ್ಣಿನಲ್ಲಿ ಪುಟ್ಟ ಬೇರು ಬಿಟ್ಟು ಏನನ್ನಾದರೂ ಅಪ್ಪಿಕೊಂಡು ಹತ್ತುವ ಜಾತಿ. ಅಪ್ಪಿಕೊಂಡರೆ ಎಲೆ ದೊಡ್ಡದು, ಜೋತು ಬಿದ್ದರೆ ಚಿಕ್ಕದು. ತೋಟಗಳಲ್ಲಿ ಅದಕ್ಕೇ ನುಗ್ಗೆ, ಅಗಸೆ, ಹಾಲವಾಣದ ಮರಗಳಿಗೆ ಹಬ್ಬಿಸುತ್ತಾರೆ, ಮಲೆನಾಡಿನಲ್ಲಿ ಅಡಿಕೆ ಮರಕ್ಕೆ. ಬಾಲ್ಕನಿಯಲ್ಲಿ ತೆಂಗಿನ ನಾರು ಸುತ್ತಿದ ಕೋಲು ಸಾಕು, ನಾರನ್ನು ಮಾತ್ರ ಆಗಾಗ ಒದ್ದೆ ಮಾಡಿ. ಬೇಸಿಗೆಯಲ್ಲಿ ಕಾದ ಕಬ್ಬಿಣದ ಗ್ರಿಲ್ ಮುಟ್ಟಿದರೆ ಆ ಪುಟ್ಟ ಬೇರುಗಳು ಕರಕಲಾಗುತ್ತವೆ.

ಮೂರು ವರ್ಷ ದಾಟಿದ ಬಳ್ಳಿ ಬುಡದಲ್ಲಿ ಬೋಳಾಗಿ ಮೇಲೆ ಮಾತ್ರ ಎಲೆ ಇಟ್ಟುಕೊಂಡು ಕೂತಿದ್ದರೆ ಬಳ್ಳಿ ಇಳಿಸಬೇಕು. ಎಲೆ ತೋಟದವರು ಮಾಡುವ ಹಳೇ ಕೆಲಸ ಇದು. ಬಳ್ಳಿಯನ್ನು ಆಸರೆಯಿಂದ ಮೆಲ್ಲಗೆ ಬಿಡಿಸಿ, ಬೋಳು ಭಾಗವನ್ನು ಕುಂಡದಲ್ಲೇ ಸುರುಳಿ ಸುತ್ತಿ ಮಲಗಿಸಿ, ಮೇಲೆ ಮಣ್ಣು-ಗೊಬ್ಬರ ಮುಚ್ಚಿ, ಎಲೆ ಇರುವ ತುದಿಯನ್ನು ಮತ್ತೆ ಹತ್ತಿಸುವುದು. ಸುರುಳಿಯ ಒಂದೊಂದು ಗಿಣ್ಣಿನಿಂದಲೂ ಹೊಸ ಬೇರು ಬರುತ್ತದೆ. ನಾನು ಗೌರಿ ಹಬ್ಬಕ್ಕೆ ಮೊದಲು ಮಾಡುತ್ತೇನೆ. ಜೋರು ಮಳೆ ಹಿಡಿದ ವಾರ ಬೇಡ. ಬಿಡಿಸುವಾಗ ಪ್ಯಾರಾಪೆಟ್ ಮೇಲೆ ಹತ್ತಬೇಡಿ, ಎರಡು ಎಲೆಗೋಸ್ಕರ ಕೆಳಗೆ ಬೀಳುವುದು ಬೇಡ.

ಬೆಳಕು, ಆಸರೆ, ಗೊಬ್ಬರ ಎಲ್ಲ ಸರಿ ಇದ್ದೂ ಬೆಳವಣಿಗೆ ಇಲ್ಲವಾ? ಒಂದು ಬೇರು ತೊಳೆದು ನೋಡಿ. ಮಣಿಸರದ ಹಾಗೆ ಗಂಟು ಗಂಟು ಇದ್ದರೆ ಬೇರುಗಂಟು ಜಂತುಹುಳು. ತುದಿ ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಡುವುದೇ ದಾರಿ.

ಎಲೆ ಹಿಂದೆ ಏನೋ ಇದೆ

ಒಂದು ರಾತ್ರಿ ಒಬ್ಬ ಸ್ನೇಹಿತೆ ಗಾಬರಿಯಿಂದ ಫೋಟೋ ಕಳಿಸಿದ್ದಳು. ಎಳೆ ಎಲೆಯ ಹಿಂಭಾಗದಲ್ಲಿ ಸಾಬೂದಾಣಿಯನ್ನು ನೂರು ಪಾಲು ಚಿಕ್ಕದು ಮಾಡಿದ ಹಾಗೆ ಗಾಜಿನಂಥ ಮಣಿಗಳು. ಹುಳದ ಮೊಟ್ಟೆ, ಏನು ಹೊಡೆಯಲಿ ಅಂತ ಕೇಳಿದಳು. ಏನೂ ಹೊಡೆಯಬೇಡ. ಮೆಣಸಿನ ಕುಟುಂಬದ ಬಳ್ಳಿಗಳು ಎಳೆ ಭಾಗದಲ್ಲಿ ತಾವೇ ಇಂಥ ಮಣಿ ಬಿಡುತ್ತವೆ. ಕಾಳುಮೆಣಸು ಬೆಳೆಸುವವರಿಗೂ ಇದು ಪರಿಚಯ. ಒರೆಸಿದರೆ ಹೋಗುತ್ತವೆ, ಒಣಗಿದರೆ ಕಪ್ಪಾಗುತ್ತವೆ. ಕಾಲಿಲ್ಲ, ಓಡುವುದಿಲ್ಲ, ಗಿಡ ಸೊರಗಿರುವುದಿಲ್ಲ.

ನಿಜವಾದ ಹುಳಗಳು ಹೀಗಿರುತ್ತವೆ. ಗಿಣ್ಣಿನ ಸಂದಿಯಲ್ಲಿ ಬಿಳಿ ಹತ್ತಿ, ಪಕ್ಕದಲ್ಲೇ ಇರುವೆ ಸಾಲು: ಹಿಟ್ಟು ತಿಗಣೆ. ಎಲೆ ಹಿಂದೆ ಬಿಳಿ ಪುಡಿಯಲ್ಲಿ ಸುರುಳಿ ರಂಗೋಲಿ: ಬಿಳಿನೊಣ. ಎಲೆ ಮೇಲೆ ಸಣ್ಣ ಬಿಳಿ ಚುಕ್ಕಿ ತುಂಬಿ ಬಣ್ಣ ಮಂಕಾಗಿದೆ, ಬೇಸಿಗೆ ಬೇರೆ: ನುಸಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ, ಚುಕ್ಕಿ ನಡೆದಾಡಿದರೆ ನುಸಿಯೇ. ಮೂರಕ್ಕೂ ಮೊದಲ ಮದ್ದು ನೀರು. ಬೆಳಿಗ್ಗೆ ಪೈಪ್ ಹಿಡಿದು ಎಲೆ ಹಿಂಭಾಗಕ್ಕೆ ಜೋರಾಗಿ ಹೊಡೆಯಿರಿ, ಮೂರು ದಿನಕ್ಕೊಮ್ಮೆ, ಎರಡು ವಾರ. ಹೋಗದಿದ್ದರೆ ಒಂದು ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಸಂಜೆ ಹೊತ್ತು. ಆಮೇಲೆ ಹತ್ತು ದಿನ ಎಲೆ ಕೀಳಬೇಡಿ, ಕಿತ್ತರೂ ಆ ಕಹಿ ತಿನ್ನಲಾಗುವುದಿಲ್ಲ ಬಿಡಿ.

ಅಂಗಡಿಯವರು ಗಿಡದೊಳಗೆ ಹೀರಿಕೊಳ್ಳುವ ಕೀಟನಾಶಕ ಕೊಟ್ಟರೆ ವಾಪಸ್ ಕೊಡಿ. ಗುಲಾಬಿಗೆ ಹೊಡೆಯುವುದನ್ನು ಇದಕ್ಕೆ ಹೊಡೆಯಬಾರದು. ಎಲೆಯ ಒಳಗೇ ಸೇರುವ ವಿಷವನ್ನು ಎಷ್ಟು ತೊಳೆದರೂ ಹೋಗುವುದಿಲ್ಲ.

ಎಲೆಯಲ್ಲಿ ದೊಡ್ಡ ತೂತು, ಗೋಡೆಯ ಮೇಲೆ ಬೆಳ್ಳಿ ಗೆರೆ ಇದ್ದರೆ ಬಸವನಹುಳು. ಮಳೆಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೋಗಿ ಹೆಕ್ಕಿ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬರಿಗೈಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೆ ಕಾಯಿಲೆ ತರುವ ಜಂತು ಇರಬಹುದು. ಗ್ಲೌಸ್ ಹಾಕಿ, ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಕುಂಡಕ್ಕೆ ಚೆಲ್ಲಬೇಡಿ. ಬಸವನಹುಳುವಿಗೆ ಮಾರುವ ವಿಷದ ಗುಳಿಗೆ ನಾಯಿ-ಬೆಕ್ಕು ಇರುವ ಮನೆಯಲ್ಲಿ ಬೇಡ.

ಎಲೆ ಚೆನ್ನಾಗಿದೆ, ಆದರೆ ಖಾರವೂ ಇಲ್ಲ ಘಮವೂ ಇಲ್ಲ

ತಿಂದು ನೋಡುವ ಮೊದಲು ನಿಲ್ಲಿ. ಅದು ವೀಳ್ಯದೆಲೆಯೇ ಹೌದಾ?

ನಮ್ಮ ಏರಿಯಾದ ಒಂದು ನರ್ಸರಿಯಲ್ಲಿ ನನಗೆ ವೀಳ್ಯದೆಲೆ ಅಂತ ಕೊಟ್ಟದ್ದು ಹೃದಯದಾಕಾರದ ಫಿಲೋಡೆಂಡ್ರಾನ್. ಎಳೆಯದರಲ್ಲಿ ನೋಡಲು ಅಷ್ಟೇ ಮುದ್ದು. ಮನಿಪ್ಲಾಂಟ್ ಕೂಡ ಹೀಗೇ ಮೋಸ ಮಾಡುತ್ತದೆ. ಎರಡರಲ್ಲೂ ಆಕ್ಸಲೇಟ್ ಸೂಜಿಗಳಿರುತ್ತವೆ, ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಮಗು ಕಚ್ಚಿ ಬಾಯಿ ಊದಿಕೊಂಡರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ, ಆ ಎಲೆಯನ್ನೂ ತೆಗೆದುಕೊಂಡು ಹೋಗಿ.

ಗುರುತು ಹಿಡಿಯಲು ಬಾಯಿ ಬೇಡ, ಮೂಗು ಸಾಕು. ಎಲೆ ಹಿಸುಕಿ. ವೀಳ್ಯದೆಲೆಗೆ ಲವಂಗದ ಕಡೆಯ ಘಾಟು ಬರಲೇಬೇಕು. ಗಿಣ್ಣು ಬೆರಳಿನ ಗೆಣ್ಣಿನಂತೆ ಉಬ್ಬಿರುತ್ತದೆ, ಎಲೆಯ ಬುಡದಿಂದಲೇ ಐದಾರು ನರ ಬಿಲ್ಲಿನಂತೆ ಬಾಗಿ ತುದಿಯ ಕಡೆ ಹೋಗುತ್ತವೆ. ಕಾಳುಮೆಣಸಿನ ಬಳ್ಳಿಯೂ ಹೀಗೇ ಕಾಣುತ್ತದೆ, ಅದರ ಎಲೆ ಹೆಚ್ಚು ಗಡಸು, ಘಮ ಮೆಣಸಿನದ್ದು.

ವೀಳ್ಯದೆಲೆಯೇ ಹೌದು, ಆದರೂ ಖಾರ ಕಡಿಮೆ ಅಂದರೆ ತಳಿ ನೋಡಬೇಕು. ಭೌಗೋಳಿಕ ಗುರುತು ಸಿಕ್ಕಿರುವ ಮೈಸೂರು ಎಲೆ ಮೃದು, ಖಾರ ಹಿತ. ಕರಿ ಎಲೆ ದಪ್ಪ, ಘಾಟು. ಮೈಸೂರು ಎಲೆಯ ಬಳ್ಳಿಯನ್ನೇ ತಂದು ಬೆಂಗಳೂರಿನ ಕುಂಡದಲ್ಲಿ ಇಟ್ಟರೆ ಆ ರುಚಿ ಬರುವುದಿಲ್ಲ, ಅದು ಆ ಊರಿನ ಮಣ್ಣಿನದ್ದು ಕೂಡ. ಇದಕ್ಕೆ ರಿಪೇರಿ ಇಲ್ಲ.

ನರ್ಸರಿಯಿಂದ ತಂದು ಹದಿನೈದು ದಿನಕ್ಕೇ ಎಲೆ ಉದುರಿತು

ನರ್ಸರಿಯಲ್ಲಿ ಅದು ನೆರಳು ಪರದೆಯ ಕೆಳಗೆ, ತೇವದಲ್ಲಿತ್ತು. ನಿಮ್ಮ ಬಾಲ್ಕನಿಯ ಗಾಳಿ ಅದಕ್ಕೆ ಹೊಸದು. ಬಂದ ದಿನವೇ ದೊಡ್ಡ ಕುಂಡಕ್ಕೆ ಬದಲಿಸಬೇಡಿ, ಗೊಬ್ಬರ ಹಾಕಬೇಡಿ. ಎರಡು ವಾರ ನೆರಳಲ್ಲಿ ಬಿಡಿ. ಕಾಂಡ ಹಸಿರಿದ್ದರೆ ಚಿಗುರುತ್ತದೆ. ಪುಟ್ಟ ಸಸಿಯನ್ನು ಏಕ್‌ದಮ್ ಡ್ರಮ್ಮಿನಂಥ ಕುಂಡಕ್ಕೆ ಹಾಕುವುದೂ ತಪ್ಪು, ಬೇರು ಮುಟ್ಟದ ಮಣ್ಣು ಒದ್ದೆಯಾಗೇ ಉಳಿದು ಮತ್ತೆ ಮೊದಲನೇ ಭಾಗದ ಕಥೆಯೇ ಆಗುತ್ತದೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಬುಡ ಮೆತ್ತಗಾದ ಮೇಲೆ, ಬೇರು ಪೂರ್ತಿ ಕಪ್ಪಾದ ಮೇಲೆ, ಸಾಸಿವೆ ಗುಂಡು ಕಂಡ ಮೇಲೆ ಹೋರಾಡಬೇಡಿ. ತುದಿ ಕತ್ತರಿಸಿ ಮುಂದೆ ಹೋಗಿ. ಎರಡು ಸಲ ಮಣ್ಣು, ಕುಂಡ, ನೀರು ಎಲ್ಲ ಬದಲಿಸಿಯೂ ಅದೇ ಲಕ್ಷಣ ಬಂದರೆ, ಅಥವಾ ಮನೆ ಹಿಂದೆ ಹತ್ತಾರು ಬಳ್ಳಿ ಇದ್ದು ಒಂದರಿಂದ ಒಂದಕ್ಕೆ ಹರಡುತ್ತಿದ್ದರೆ, ತಿಳಿದವರಿಗೆ ತೋರಿಸುವ ಹೊತ್ತು. ಬೆಂಗಳೂರಿನಲ್ಲಿ ನಮಗೆ ಆ ಅನುಕೂಲ ಇದೆ: ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ಇಲಾಖೆ. ಜಿಕೆವಿಕೆಯ ಕೃಷಿ ಮೇಳಕ್ಕೆ ಹೋದರೂ ಕೇಳಬಹುದು.

ಹೋಗುವಾಗ ಒಂದು ಎಲೆ ಕಿತ್ತುಕೊಂಡು ಹೋಗಬೇಡಿ. ಎರಡು ಹಿಡಿ ಮಣ್ಣಿನ ಜೊತೆ ಬೇರು ಒಂದು ಕವರಿನಲ್ಲಿ, ರೋಗ ಶುರುವಾದ ಎಲೆ ಮತ್ತು ಮುಗಿದ ಎಲೆ ಕಾಗದದಲ್ಲಿ ಸುತ್ತಿ, ನೀವು ಹಾಕುವ ನೀರು ಅರ್ಧ ಲೀಟರ್ ಬಾಟಲಿಯಲ್ಲಿ. ಕುಂಡ ಎಲ್ಲಿದೆ ಅನ್ನುವ ಫೋಟೋ ಮಧ್ಯಾಹ್ನ ಎರಡು ಗಂಟೆಯಲ್ಲಿ ತೆಗೆದದ್ದು. ನಾನು ಮೊದಲ ಸಲ ಒಂದು ಸುಟ್ಟ ಎಲೆಯನ್ನು ಪುಸ್ತಕದಲ್ಲಿಟ್ಟು ಜೋಪಾನವಾಗಿ ಒಯ್ದಿದ್ದೆ. ಅಲ್ಲಿದ್ದವರು ಎಲೆಯನ್ನು ಎರಡು ಸಲ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟು ಕೇಳಿದರು, "ಬೇರು ತಂದಿಲ್ವಾ?"